ಬೆಂಗಳೂರಿನ ಕತ್ತರಿ, ಹುಮನಾಬಾದಿನ ಸಂತೆ

ಸರ್ಕಾರ ‘ಮಿತವ್ಯಯ’ ಎಂಬ ಮಾತನ್ನು ಎತ್ತಿದಾಗಲೆಲ್ಲ ನಮ್ಮ ಹಿರಿಯರು ತಲೆದೂಗುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಅವರ ನಾಲಗೆಯ ತುದಿಯಲ್ಲೇ ಇರುತ್ತದೆ. ಮನೆ ನಡೆಸಿ ಅನುಭವವಿದ್ದವರ ಮಾತು, ತಳ್ಳಿಹಾಕುವಂತಿಲ್ಲ. ಆದಾಯಕ್ಕಿಂತ ಹೆಚ್ಚು ಸಾಲ ಮಾಡಿದ ಮನೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಆದರೆ ಮನೆಗೂ ಸರ್ಕಾರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಈ ದೀಪಾವಳಿಗೆ ಹೊಸ ಬಟ್ಟೆ ಬೇಡವೆಂದು ಒಂದು ಮನೆಯವರು ತೀರ್ಮಾನಿಸಿದರೆ ಬಟ್ಟೆ ಅಂಗಡಿಗೆ ಒಬ್ಬ ಗಿರಾಕಿ ಕಡಿಮೆಯಾಗುತ್ತಾನೆ, ಅಷ್ಟೆ. ಸರ್ಕಾರ ಹಾಗಲ್ಲ. ದೊಡ್ಡ ಕಾರ್ಖಾನೆಗಳಾಗಲೀ ಕಂಪನಿಗಳಾಗಲೀ ಹೆಚ್ಚಾಗಿಲ್ಲದ ತಾಲೂಕಿನಲ್ಲಿ ಅತಿ ದೊಡ್ಡ ಗಿರಾಕಿ ಸರ್ಕಾರವೇ. ಮೇಷ್ಟ್ರ ಸಂಬಳ, ರಸ್ತೆಯ ಕೂಲಿ, ಆಸ್ಪತ್ರೆಯ ಕಟ್ಟಡ, ವೃದ್ಧಾಪ್ಯ ವೇತನ ಎಲ್ಲವೂ ಅದರ ಖಜಾನೆಯಿಂದಲೇ ಬರಬೇಕು. ಆ ಗಿರಾಕಿ ಕೈ ಬಿಗಿ ಹಿಡಿದರೆ ಒಂದು ಅಂಗಡಿಯಲ್ಲ, ಇಡೀ ಪೇಟೆಯೇ ಮಂಕಾಗುತ್ತದೆ.

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲೂಕುಗಳನ್ನೇ ತೆಗೆದುಕೊಳ್ಳೋಣ. ಡಿಗ್ರಿ ಮುಗಿಸಿದ ಮಗನಿರುವ ಯಾವುದಾದರೂ ಮನೆಯ ಪಡಸಾಲೆಯಲ್ಲಿ ಸಂಜೆ ಕೂತರೆ ಇಂಥ ಮಾತು ಕಿವಿಗೆ ಬೀಳುತ್ತದೆ. “ತಮ್ಮಾ, ನೌಕರಿ ಯಾವಾಗ ಕರೀತಾರಂತ?” “ಪೋಸ್ಟ್ ಖಾಲಿ ಅದಾವ ಅಪ್ಪಾ, ಇನ್ನಾ ಕರ್ದಿಲ್ಲ.” ಅಪ್ಪ ಸುಮ್ಮನಾಗುತ್ತಾನೆ. ಮಗ ಮತ್ತೆ ಸಾಮಾನ್ಯ ಜ್ಞಾನದ ಪುಸ್ತಕ ತೆರೆಯುತ್ತಾನೆ. ಹುದ್ದೆ ಖಾಲಿ ಇದ್ದೂ ಕರೆಯುವುದಿಲ್ಲವೆಂದರೆ ಏನರ್ಥ? ಅದಕ್ಕೂ ಸಂತೆಯ ವ್ಯಾಪಾರಕ್ಕೂ ಏನು ಸಂಬಂಧ? ಈ ವಾರ ಅದನ್ನೇ ಬಿಡಿಸಿ ನೋಡೋಣ.

ನೂರು ರೂಪಾಯಿಯ ಪಯಣ

ಮೊದಲು ಒಂದು ಸರಳ ಲೆಕ್ಕ. ಸರ್ಕಾರ ಒಂದು ಹಳ್ಳಿಯಲ್ಲಿ 100 ರೂಪಾಯಿ ಕೂಲಿ ಕೊಟ್ಟಿತು ಎನ್ನಿ. ಕೂಲಿಕಾರ ಅದರಲ್ಲಿ 60 ರೂಪಾಯಿಯನ್ನು ತಾಲೂಕಿನೊಳಗೇ ಖರ್ಚು ಮಾಡುತ್ತಾನೆ: ಕಿರಾಣಿ ಅಂಗಡಿಯ ಉದ್ರಿ ತೀರಿಸುತ್ತಾನೆ, ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುತ್ತಾನೆ. ಆ 60 ರೂಪಾಯಿ ಅಂಗಡಿಯವನ ಆದಾಯ. ಅವನೂ ಅದರಲ್ಲಿ ಹತ್ತಕ್ಕೆ ಆರು ಪಾಲು ಊರಲ್ಲೇ ಖರ್ಚು ಮಾಡಿದರೆ 36 ರೂಪಾಯಿ ಇನ್ನೊಬ್ಬನ ಕೈ ಸೇರುತ್ತದೆ. ಅದರಲ್ಲಿ ಸುಮಾರು 22 ರೂಪಾಯಿ ಮತ್ತೊಬ್ಬನಿಗೆ. ಹೀಗೆ ಕೂಡುತ್ತಾ ಹೋದರೆ 100 ರೂಪಾಯಿಯಿಂದ ಹುಟ್ಟುವ ಒಟ್ಟು ಆದಾಯ 250 ರೂಪಾಯಿ. ಹೈಸ್ಕೂಲಿನ ಗುಣೋತ್ತರ ಶ್ರೇಢಿ ನೆನಪಿರುವವರು 100ನ್ನು 0.4ರಿಂದ ಭಾಗಿಸಿ ನೋಡಬಹುದು. ಅರ್ಥಶಾಸ್ತ್ರದಲ್ಲಿ ಇದಕ್ಕೆ ‘ಗುಣಕ’ ಎಂದು ಹೆಸರು. 1931ರಲ್ಲಿ ರಿಚರ್ಡ್ ಕಾನ್ ಇದನ್ನು ವಿವರಿಸಿದರು. 1936ರಲ್ಲಿ ಕೇನ್ಸ್ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬೆಳೆಸಿದರು.

ಈ ಗಾಲಿ ಹಿಂದಕ್ಕೂ ತಿರುಗುತ್ತದೆ. ಆ 100 ರೂಪಾಯಿ ಬಾರದಿದ್ದರೆ ಊರಿನ ನಷ್ಟ 100 ಅಲ್ಲ, 250.

ಇನ್ನು ನಮ್ಮ ಎರಡು ತಾಲೂಕುಗಳ ಸ್ಥಿತಿ ಸ್ವಲ್ಪ ಬೇರೆ. ಇವು ಗಡಿಯ ಊರುಗಳು. ಪುಣೆ–ಹೈದರಾಬಾದ್ ಹೆದ್ದಾರಿ ಈ ಸೀಮೆಯ ಮೂಲಕವೇ ಹಾದುಹೋಗುತ್ತದೆ. ಅಂಗಡಿಯ ಸರಕು ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ಬರುತ್ತದೆ, ದುಡ್ಡು ಅದೇ ದಾರಿಯಲ್ಲಿ ವಾಪಸು ಹೋಗುತ್ತದೆ. ಹತ್ತರಲ್ಲಿ ನಾಲ್ಕು ಪಾಲು ಮಾತ್ರ ಊರಲ್ಲಿ ಉಳಿಯುವುದಾದರೆ ನಮ್ಮ 250 ರೂಪಾಯಿ 167ಕ್ಕೆ ಇಳಿಯುತ್ತದೆ. ಎಂದರೆ ಊರಿನಲ್ಲೇ ತಯಾರಾಗುವ ವಸ್ತು, ಊರಿನಲ್ಲೇ ಸಿಗುವ ಕಸುಬು ಎಷ್ಟು ಹೆಚ್ಚೋ ಸರ್ಕಾರದ ಒಂದು ರೂಪಾಯಿಯ ಬೆಲೆ ಅಷ್ಟು ಹೆಚ್ಚು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ಸದ್ದಿಲ್ಲದ ಕತ್ತರಿ

ಖರ್ಚು ಕಡಿತವೆಂದರೆ ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ ಎದ್ದು ನಿಂತು ‘ಬೀದರ್ ಜಿಲ್ಲೆಗೆ ಇಷ್ಟು ಕೋಟಿ ಕಡಿಮೆ’ ಎಂದು ಘೋಷಿಸುವುದಲ್ಲ. ಹಾಗೆ ಯಾರೂ ಹೇಳುವುದಿಲ್ಲ. ಕತ್ತರಿ ಬೀಳುವುದು ವಿಳಂಬದ ರೂಪದಲ್ಲಿ. ಖಾಲಿಯಾದ ಹುದ್ದೆ ಖಾಲಿಯಾಗಿಯೇ ಉಳಿಯುತ್ತದೆ. ಗುತ್ತೇದಾರನ ಬಿಲ್ಲು ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಒಂದು ವರ್ಷದ ಕೆಲಸ ಐದು ವರ್ಷಕ್ಕೆ ಹಂಚಿಕೆಯಾಗುತ್ತದೆ. ಕಾಗದದಲ್ಲಿ ಯೋಜನೆ ಜೀವಂತವಾಗಿಯೇ ಇರುತ್ತದೆ, ದುಡ್ಡು ಮಾತ್ರ ಬರುವುದಿಲ್ಲ.

ಹುಮನಾಬಾದಿನವರಿಗೆ ಇದರ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಅವರ ಊರಿನ ರೈಲು ನಿಲ್ದಾಣಕ್ಕೆ ಹೋದರೆ ಸಾಕು. ಬೀದರ್–ಕಲಬುರಗಿ ರೈಲು ಮಾರ್ಗದ ಉದ್ದ 110 ಕಿಲೋಮೀಟರ್. ಮಂಜೂರಾದದ್ದು 1997-98ರಲ್ಲಿ, ಅಂದಿನ ಅಂದಾಜು ವೆಚ್ಚ ಸುಮಾರು 369 ಕೋಟಿ ರೂಪಾಯಿ. ಪ್ರಧಾನಿ ನರೇಂದ್ರ ಮೋದಿಯವರು ಉದ್ಘಾಟಿಸಿದ್ದು 2017ರ ಅಕ್ಟೋಬರ್ 29ರಂದು. ಅಷ್ಟು ಹೊತ್ತಿಗೆ ವೆಚ್ಚ 1,542 ಕೋಟಿಗೆ ಏರಿತ್ತು. ನಾಲ್ಕು ಪಟ್ಟಿಗೂ ಹೆಚ್ಚು! ಬೆಲೆಯೇರಿಕೆಯ ಪಾಲು ಇದರಲ್ಲಿದೆ, ನಿಜ. ಆದರೆ ಬೇಗ ಮುಗಿಸಿದ್ದರೆ ಆ ಬೆಲೆಯೇರಿಕೆಯ ಬಹುಭಾಗ ತಪ್ಪುತ್ತಿತ್ತು ಎಂಬುದೂ ನಿಜವೇ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕೊಟ್ಟು ಎಳೆದರೆ ಆ ವರ್ಷದ ಖಜಾನೆಗೆ ಉಳಿತಾಯವಾದಂತೆ ಕಾಣುತ್ತದೆ. ಇಪ್ಪತ್ತು ವರ್ಷಗಳ ಲೆಕ್ಕ ಕೂಡಿದಾಗ ಅದೇ ದುಂದುವೆಚ್ಚ.

ಇನ್ನೊಂದು ನಷ್ಟ ಯಾವ ಲೆಕ್ಕಪುಸ್ತಕದಲ್ಲೂ ಇಲ್ಲ. ಮಾರ್ಗ ಮಂಜೂರಾದ ವರ್ಷ ಹುಮನಾಬಾದಿನಲ್ಲಿ ಹುಟ್ಟಿದ ಮಗು ಮೊದಲ ರೈಲು ಬರುವ ಹೊತ್ತಿಗೆ ಕಾಲೇಜು ಓದುವ ವಯಸ್ಸಿಗೆ ಬಂದಿತ್ತು. ಅಲ್ಲಿಯವರೆಗೆ ಬೀದರಿನಿಂದ ಕಲಬುರಗಿಗೆ ರೈಲಿನಲ್ಲೇ ಹೋಗಬೇಕೆಂದರೆ ವಿಕಾರಾಬಾದ್ ಸುತ್ತಿಕೊಂಡು ಹೋಗಬೇಕಿತ್ತು. ಆ ಇಪ್ಪತ್ತು ವರ್ಷಗಳಲ್ಲಿ ಹುಮನಾಬಾದಿನ ಕೈಗಾರಿಕಾ ಪ್ರದೇಶಕ್ಕೆ ರೈಲಿನ ಅನುಕೂಲ ನೋಡಿ ಬರಬಹುದಾಗಿದ್ದ ಕಾರ್ಖಾನೆಗಳೆಷ್ಟು, ತೊಗರಿ, ಉದ್ದು, ಹೆಸರು ಸಾಗಿಸುವ ವ್ಯಾಪಾರ ಎಷ್ಟು ಬೆಳೆಯುತ್ತಿತ್ತು ಎಂದು ಯಾರು ಲೆಕ್ಕ ಹಾಕಿದ್ದಾರೆ?

ಬಸವಕಲ್ಯಾಣದ ನೂತನ ಅನುಭವ ಮಂಟಪದ ಕಥೆಯೂ ಇದೇ ಜಾತಿಯದು. 2021ರ ಜನವರಿ 6ರಂದು ಶಂಕುಸ್ಥಾಪನೆಯಾದಾಗ 500 ಕೋಟಿ ರೂಪಾಯಿ ವೆಚ್ಚ, ಎರಡು ವರ್ಷದ ಗಡುವು ಎಂದು ಹೇಳಲಾಗಿತ್ತು. ಆ ಗಡುವಿನೊಳಗೆ ಮುಗಿಯಲಿಲ್ಲ. ಇಂಥ ಕೆಲಸ ಭರದಿಂದ ನಡೆದರೆ ಗೌಂಡಿಗೆ, ಬಡಿಗನಿಗೆ, ಖಡಿ-ಮುರುಮು ಹೊರುವ ಟಿಪ್ಪರಿಗೆ, ಚಹಾದಂಗಡಿಗೆ, ಮುಂದೆ ಯಾತ್ರಿಕರನ್ನು ಕಾಯುವ ಖಾನಾವಳಿಗೆ ಸಂಪಾದನೆ. ಕುಂಟುತ್ತಾ ನಡೆದರೆ ಅಷ್ಟೂ ಜನ ಕಾಯಬೇಕು.

ಹೆದ್ದಾರಿಯ ಮೇಲಿರುವ ಸಸ್ತಾಪುರ ಬಂಗ್ಲಾದ ಸುತ್ತ ಲಾರಿಗಳಿಗೆ ಬಾಡಿ ಕಟ್ಟುವ ಕಸುಬು ಬೆಳೆದಿರುವುದನ್ನು ಆ ಕಡೆ ಓಡಾಡಿದವರು ನೋಡಿರುತ್ತಾರೆ. ಬೆಸುಗೆ, ಬಡಗಿ ಕೆಲಸ, ಬಣ್ಣ ಹೀಗೆ ಹಲವು ಕೈಗಳ ಕೆಲಸ ಅದು. ಇವರಲ್ಲಿ ಯಾರೂ ಸರ್ಕಾರಿ ನೌಕರರಲ್ಲ. ಆದರೂ ರಸ್ತೆ, ಕಾಲುವೆ, ಕಟ್ಟಡದ ಗುತ್ತೇದಾರರ ಬಿಲ್ಲು ಬಾಕಿ ಬಿದ್ದ ವರ್ಷ ಅವರು ಹೊಸ ಟಿಪ್ಪರ್ ಕೊಳ್ಳುವುದನ್ನು ಮುಂದೂಡುತ್ತಾರೆ. ಬೆಸುಗೆಯವನಿಗೆ ಕೆಲಸ ಕಡಿಮೆಯಾಗುತ್ತದೆ. ಅವನ ಮಗಳ ಕಾಲೇಜು ಫೀ ಕಟ್ಟುವುದು ತಡವಾಗುತ್ತದೆ. ಬೆಂಗಳೂರಿನಲ್ಲಿ ಆಡಿದ ಕತ್ತರಿ ಎಲ್ಲಿ ಹೋಗಿ ತಾಗಿತು ನೋಡಿ.

ಕೂಲಿ ತಡವಾದರೆ

2005ರ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ 2006ರ ಫೆಬ್ರುವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಮೊದಲು ಜಾರಿಗೆ ಬಂತು. ಬೀದರ್ ಆ ಮೊದಲ ಪಟ್ಟಿಯಲ್ಲೇ ಇತ್ತು. ಬೇಸಿಗೆಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದ್, ಪುಣೆ, ಮುಂಬಯಿಗೆ ಗುಳೆ ಹೋಗುವ ಕುಟುಂಬಗಳಿಗೆ ಊರಲ್ಲೇ ಒಂದಿಷ್ಟು ದಿನ ಕೆಲಸ ಸಿಗಲಿ ಎಂಬುದು ಇಂಥ ಕಾಯ್ದೆಯ ಉದ್ದೇಶ.

ಈ ಯೋಜನೆಗೆ ಕೇಂದ್ರ ಸರ್ಕಾರ 2022-23ರಲ್ಲಿ ಮೊದಲು ಎತ್ತಿಟ್ಟದ್ದು 73,000 ಕೋಟಿ ರೂಪಾಯಿ, ಪರಿಷ್ಕೃತ ಅಂದಾಜಿನಲ್ಲಿ ಅದು 89,400 ಕೋಟಿಯಾಯಿತು. ಮರುವರ್ಷ, 2023-24ಕ್ಕೆ, ಎತ್ತಿಟ್ಟದ್ದು 60,000 ಕೋಟಿ ಮಾತ್ರ. ಕೊನೆಗೆ ಅದನ್ನೂ 86,000 ಕೋಟಿಗೆ ಏರಿಸಬೇಕಾಯಿತು. ‘ಕೊನೆಗೆ ಕೊಟ್ಟರಲ್ಲ, ಇನ್ನೇನು?’ ಎನ್ನಬಹುದು. ಕೊಡುವುದು ಬೇರೆ, ಹೊತ್ತಿಗೆ ಕೊಡುವುದು ಬೇರೆ. ಕೂಲಿಯನ್ನು 15 ದಿನದೊಳಗೆ ಪಾವತಿಸಬೇಕೆಂದು ಆ ಕಾಯ್ದೆಯೇ ಹೇಳುತ್ತಿತ್ತು. ಮೊದಲೇ ಕಡಿಮೆ ಹಣ ಇಟ್ಟರೆ ವರ್ಷದ ನಡುವೆ ಗಂಟು ಬರಿದಾಗುತ್ತದೆ, ಕೂಲಿ ತಡವಾಗುತ್ತದೆ. ಒಮ್ಮೆ ಕೂಲಿಗಾಗಿ ಎರಡು ತಿಂಗಳು ಕಾದವನು ಮುಂದಿನ ವರ್ಷ ಕೆಲಸ ಕೇಳಲು ಪಂಚಾಯಿತಿಗೆ ಬರುವುದಿಲ್ಲ. ಹೈದರಾಬಾದಿನ ಬಸ್ಸು ಹತ್ತುತ್ತಾನೆ. ಆಗ ‘ಬೇಡಿಕೆಯೇ ಇಲ್ಲ’ ಎಂದು ಮತ್ತಷ್ಟು ಕಡಿತ ಮಾಡಲು ಕಾರಣ ಸಿಕ್ಕಂತಾಗುತ್ತದೆ.

2025-26ರಲ್ಲಿ ಕರ್ನಾಟಕದಲ್ಲಿ ಈ ಕೂಲಿ ದಿನಕ್ಕೆ 370 ರೂಪಾಯಿ. ಒಂದು ಹಳ್ಳಿಯಲ್ಲಿ ನೂರು ಜನ ಹತ್ತು ದಿನ ದುಡಿದರೆ 3,70,000 ರೂಪಾಯಿ. ಅಷ್ಟು ಹಣ ಒಂದು ತಿಂಗಳು ತಡವಾಗಿ ಬಂದರೆ ಆ ತಿಂಗಳ ಸಂತೆ ಹೇಗಿದ್ದೀತು ಎಂದು ಊಹಿಸಿ. 2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಬದಲಿಗೆ ಹೊಸದನ್ನು ಅಂಗೀಕರಿಸಿತು. ಕೆಲಸದ ದಿನಗಳು 100ರಿಂದ 125ಕ್ಕೆ ಏರಿದವು. ಜೊತೆಗೆ ವೆಚ್ಚದ ಶೇಕಡ 40ರ ಹೊಣೆ ಕರ್ನಾಟಕದಂಥ ರಾಜ್ಯಗಳ ಹೆಗಲಿಗೆ ಬಂತು. ಹಳೆಯ ಕಾಯ್ದೆಯಲ್ಲಿ ಕೂಲಿಯ ಹಣವನ್ನು ಪೂರ್ತಿಯಾಗಿ ಕೇಂದ್ರವೇ ಕೊಡುತ್ತಿತ್ತು. ದಿನಗಳು ಹೆಚ್ಚಿದ್ದರಿಂದ ಲಾಭವಾಯಿತೇ ಎಂಬುದು ಎರಡೂ ಖಜಾನೆಗಳು ಹೊತ್ತಿಗೆ ಸರಿಯಾಗಿ ಹಣ ಬಿಡುವುದರ ಮೇಲೆ ನಿಂತಿದೆ.

ಸೊನ್ನೆಯಲ್ಲಿ ಶೇಕಡ 80

ಈಗ ಪಡಸಾಲೆಯ ಹುಡುಗನ ಪ್ರಶ್ನೆಗೆ ಬರೋಣ. ಸಂವಿಧಾನದ 371(ಜೆ) ವಿಧಿ ನಮ್ಮ ಹೈದರಾಬಾದ್ ಕರ್ನಾಟಕದ ಹೋರಾಟದ ಫಲ. 2012ರ 98ನೆಯ ತಿದ್ದುಪಡಿಯಿಂದ ಅದು ಬಂತು. 2013ರ ಆದೇಶದಂತೆ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ‘ಸಿ’ ಗುಂಪಿನ ಶೇಕಡ 80, ‘ಡಿ’ ಗುಂಪಿನ ಶೇಕಡ 85 ಸ್ಥಳೀಯರಿಗೆ ಮೀಸಲು. ಮೇಲಿನ ಗುಂಪುಗಳಲ್ಲಿ ಶೇಕಡ 75. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ ಎಂದಾಯಿತು. ಹೆಸರಿಗೆ ಮೂಲವಾದ ಕಲ್ಯಾಣ ನಮ್ಮ ಬಸವಕಲ್ಯಾಣವೇ.

ಮೀಸಲಾತಿ ದೊಡ್ಡ ಆಸರೆ, ಸಂದೇಹವಿಲ್ಲ. ಆದರೆ ಶೇಕಡವಾರು ಎಂಬುದು ಯಾವುದರ ಮೇಲೆ ಎಂದು ಕೇಳಬೇಕಲ್ಲವೇ? ಹುದ್ದೆ ಕರೆದರೆ ತಾನೆ ಅದರಲ್ಲಿ ಪಾಲು? 2020ರ ಜುಲೈನಲ್ಲಿ ಕೋವಿಡ್ ಹೊಡೆತಕ್ಕೆ ಆದಾಯ ಕುಸಿದಾಗ ರಾಜ್ಯ ಸರ್ಕಾರ ನೇರ ನೇಮಕಾತಿಗಳನ್ನು ತಡೆಹಿಡಿಯಿತು. ಸೊನ್ನೆಯಲ್ಲಿ ಶೇಕಡ 80 ಎಂದರೂ ಸೊನ್ನೆಯೇ. ನೇಮಕಾತಿ ನಿಂತರೂ ಅಭ್ಯರ್ಥಿಯ ವಯಸ್ಸು ನಿಲ್ಲುವುದಿಲ್ಲ.

ಇದಕ್ಕೊಂದು ಮರುಪುಟವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಅರ್ಜಿ ಕರೆದಾಗ ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಮೀಸಲಾಗಿದ್ದವು. ಆದರೆ ರಾಜ್ಯದಲ್ಲಿ ಕರೆದ ಎಲ್ಲ ಹುದ್ದೆಗಳೂ ತುಂಬಲಿಲ್ಲ. ಅರ್ಹರು ಸಾಕಷ್ಟು ಸಿಗಲಿಲ್ಲ. ಏಕೆ? ಗಣಿತ, ವಿಜ್ಞಾನ, ಇಂಗ್ಲಿಷಿನ ಮೇಷ್ಟ್ರಿಲ್ಲದ ಶಾಲೆಯಲ್ಲಿ ಕಲಿತ ಮಕ್ಕಳು ಗಣಿತ, ವಿಜ್ಞಾನ, ಇಂಗ್ಲಿಷಿನ ಮೇಷ್ಟ್ರಾಗುವುದು ಹೇಗೆ? ಹುದ್ದೆ ಖಾಲಿ ಬಿಟ್ಟು ಉಳಿಸಿದ ಸಂಬಳದ ನಿಜವಾದ ಬೆಲೆಯನ್ನು ಹತ್ತು-ಹದಿನೈದು ವರ್ಷಗಳ ನಂತರ ಮಕ್ಕಳು ತೆರುತ್ತಾರೆ. 2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಸಾಕ್ಷರತೆ ಶೇಕಡ 70.5, ರಾಜ್ಯದ್ದು ಶೇಕಡ 75.4. ಈ ಐದು ಅಂಶಗಳ ಅಂತರವನ್ನು ತುಂಬಬೇಕಾದವನು ಮೇಷ್ಟ್ರೇ.

ಹಾಗಾದರೆ ಕಡಿತವೇ ಬೇಡವೇ?

ಹಾಗಲ್ಲ. ಸರ್ಕಾರ ಮಿತಿಯಿಲ್ಲದೆ ಸಾಲ ಮಾಡಿದರೆ ಬಡ್ಡಿಯನ್ನು ನಾಳೆ ಇದೇ ಮಕ್ಕಳು ಕಟ್ಟಬೇಕು. ಅದಕ್ಕೆಂದೇ 2002ರಲ್ಲಿ ದೇಶದಲ್ಲೇ ಮೊದಲಿಗೆ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ಮಾಡಿತು. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇಕಡ 3ನ್ನು ದಾಟಬಾರದು ಎಂಬುದು ಅದರ ನಿಯಮ. ಒಳ್ಳೆಯ ನಿಯಮವೇ. ಪ್ರಶ್ನೆ ಇರುವುದು ಕತ್ತರಿ ಎಲ್ಲಿ ಆಡಿಸಬೇಕು ಎಂಬಲ್ಲಿ.

ಎಲ್ಲ ಖರ್ಚಿನ ಗುಣಕವೂ ಒಂದೇ ಅಲ್ಲ. ಸುಕನ್ಯಾ ಬೋಸ್ ಮತ್ತು ಎನ್.ಆರ್. ಭಾನುಮೂರ್ತಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದಲ್ಲಿ ರಸ್ತೆ, ನೀರಾವರಿಯಂಥ ಬಂಡವಾಳ ವೆಚ್ಚದ ಗುಣಕ 2.45, ನಗದು ವರ್ಗಾವಣೆಯದು 0.98. ಕತ್ತರಿ ಆಡಿಸಲು ಸುಲಭವೆಂದು ಸರ್ಕಾರಗಳು ಮೊದಲು ಮುಟ್ಟುವುದು ಈ ಬಂಡವಾಳ ವೆಚ್ಚವನ್ನೇ. ಸಂಬಳ, ಪಿಂಚಣಿ, ಬಡ್ಡಿಯನ್ನು ನಿಲ್ಲಿಸಲಾಗದು, ಕಾಲುವೆಯನ್ನು ನಿಲ್ಲಿಸಬಹುದು. ಹಾಗೆಂದು ನಗದು ಸಹಾಯವೆಲ್ಲ ವ್ಯರ್ಥ ಎನ್ನಲೂ ಬಾರದು. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿರುವ ಮನೆಯ ತಾಯಿ ಅದನ್ನು ಖರ್ಚು ಮಾಡುವುದು ಹತ್ತಿರದ ಸಂತೆಯಲ್ಲೇ. ಎರಡೂ ಬೇಕು. ಒಂದಕ್ಕೆ ಕೊಡಲು ಇನ್ನೊಂದನ್ನು ಒಣಗಿಸಿದರೆ ಮಾತ್ರ ತೊಂದರೆ.

ಈ ಲೆಕ್ಕದಲ್ಲಿ ದೊಡ್ಡವರೂ ಎಡವಿದ್ದಾರೆ. 2010ರ ನಂತರ ಯೂರೋಪಿನ ದೇಶಗಳು ಖರ್ಚು ಕಡಿದಾಗ ಪೆಟ್ಟು ನಿರೀಕ್ಷೆಗಿಂತ ಜೋರಾಗಿ ಬಿತ್ತು. ಗ್ರೀಸಿನಲ್ಲಿ 2013ರ ಹೊತ್ತಿಗೆ ನಿರುದ್ಯೋಗ ಶೇಕಡ 27ನ್ನು ದಾಟಿತು. ಅದೇ ವರ್ಷದ ಜನವರಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞ ಒಲಿವಿಯರ್ ಬ್ಲಾಂಚಾರ್ಡ್ ಮತ್ತು ಡೇನಿಯಲ್ ಲೀ, ಆ ಹೊತ್ತಿನ ಮುನ್ನಂದಾಜುಗಳಲ್ಲಿ ಕಡಿತದ ಪರಿಣಾಮವನ್ನು ಕಡಿಮೆ ಎಣಿಸಲಾಗಿತ್ತೆಂದು ಬರೆದರು. ಅಂಥವರೇ ತಪ್ಪಿದ್ದಾರೆಂದ ಮೇಲೆ ನಮ್ಮ ಹಿಂದುಳಿದ ತಾಲೂಕಿನ ಮೇಲೆ ಕತ್ತರಿ ಆಡಿಸುವ ಮುನ್ನ ಎರಡು ಸಲ ಯೋಚಿಸಬೇಕು ಎಂದರೆ ಅತಿಯಾಸೆಯೇ?

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹೇಳಿದ್ದೂ ಬೇರೆಯಲ್ಲ. ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಗುಲ್ಬರ್ಗ ವಿಭಾಗದವು ಎಂದು ಸಮಿತಿ ಪಟ್ಟಿ ಮಾಡಿತು. ಇವುಗಳಿಗೆ ಹೆಚ್ಚು ಹಣ ಬೇಕೆಂದಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2022-23ರಲ್ಲಿ 3,000 ಕೋಟಿ, 2023-24ರಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾದದ್ದು ಸಂತೋಷದ ಸಂಗತಿ. ಆದರೆ ಘೋಷಣೆ, ಬಿಡುಗಡೆ, ಖರ್ಚು ಮೂರೂ ಬೇರೆ ಬೇರೆ. ಮದುವೆಗೆ ಕರೆದ ಮಾತ್ರಕ್ಕೆ ಊಟ ಬಡಿಸಿದಂತಾಗಲಿಲ್ಲ.

ಓದುವ ಮಕ್ಕಳಿಗೆ, ಓದಿಸುವವರಿಗೆ

ವಿದ್ಯಾರ್ಥಿ ಮಿತ್ರರೇ, ಇಷ್ಟೆಲ್ಲ ಓದಿ ನಿಟ್ಟುಸಿರು ಬಿಟ್ಟು ಕೂರಬೇಡಿ. ನಿಮ್ಮ ಕೈಯಲ್ಲಿರುವುದೂ ಕೆಲವಿವೆ.

ಮೊದಲನೆಯದಾಗಿ, ಆಯವ್ಯಯ ಓದುವುದನ್ನು ಕಲಿಯಿರಿ. ಪುಸ್ತಕಗಳು ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಯಾವುದೇ ಬಾಬ್ತಿನ ಎದುರು ಮೂರು ಅಂಕಿಗಳನ್ನು ನೋಡಿ: ಮೊದಲ ಅಂದಾಜು, ಪರಿಷ್ಕೃತ ಅಂದಾಜು, ನಿಜವಾಗಿ ಆದ ಖರ್ಚು. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವೇ ಸದ್ದಿಲ್ಲದ ಕತ್ತರಿ. ಸ್ಪರ್ಧಾತ್ಮಕ ಪರೀಕ್ಷೆಗೂ ಈ ಓದು ಉಪಯೋಗಕ್ಕೆ ಬರುತ್ತದೆ.

ಎರಡನೆಯದಾಗಿ, 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಅರ್ಜಿಯ ಕೊನೆಯ ದಿನಕ್ಕೆ ಬಿಡಬೇಡಿ. ಬಸವಕಲ್ಯಾಣದಲ್ಲೇ ಉಪವಿಭಾಗಾಧಿಕಾರಿ ಕಚೇರಿ ಇದೆ. ಹುದ್ದೆ ಕರೆದ ದಿನ ಕಾಗದ ಕೈಯಲ್ಲಿರಬೇಕು.

ಮೂರನೆಯದಾಗಿ, ಕಾಯುವ ವರ್ಷಗಳನ್ನು ಬರಿದೆ ಕಳೆಯಬೇಡಿ. ಆಗಲೇ ಹೇಳಿದಂತೆ ಊರಿನಲ್ಲೇ ಸಿಗುವ ಕಸುಬು ಹೆಚ್ಚಿದಷ್ಟೂ ಊರಿನ ದುಡ್ಡು ಊರಿನಲ್ಲಿ ಉಳಿಯುತ್ತದೆ. ಬೆಸುಗೆ, ವಿದ್ಯುತ್ ಕೆಲಸ, ಟ್ರ್ಯಾಕ್ಟರ್ ರಿಪೇರಿ, ಲೆಕ್ಕಪತ್ರ ಬರೆಯುವುದು, ತೊಗರಿಯನ್ನು ಬೇಳೆ ಮಾಡಿ ಮಾರುವುದು, ಇವುಗಳಲ್ಲಿ ಒಂದನ್ನು ಓದಿನ ಜೊತೆಗೇ ಕಲಿತವನು ನೌಕರಿ ಬಂದರೂ ಬಾರದಿದ್ದರೂ ಸೋಲುವುದಿಲ್ಲ. ಗಣಿತ, ವಿಜ್ಞಾನ, ಇಂಗ್ಲಿಷಿನಲ್ಲಿ ಗಟ್ಟಿಯಿದ್ದವರಿಗಂತೂ ಶಿಕ್ಷಕರ ಹುದ್ದೆಯಲ್ಲಿ ಪೈಪೋಟಿಯೇ ಕಡಿಮೆ.

ತಾಯಿ-ತಂದೆಯರಿಗೂ ಒಂದು ಮಾತು. ನೌಕರಿ ಸಿಗದ ಮಗನನ್ನು ಸೋಮಾರಿ ಎಂದು ಜರೆಯುವ ಮುನ್ನ ಆ ವರ್ಷ ಎಷ್ಟು ಹುದ್ದೆ ಕರೆದಿದ್ದರು ಎಂದು ಒಮ್ಮೆ ಕೇಳಿ ನೋಡಿ. ಕರೆಯದ ಹುದ್ದೆಗೆ ಆಯ್ಕೆಯಾಗಲಿಲ್ಲವೆಂದು ಬೈದರೆ ಯಾರಿಗೆ ಏನು ಬಂತು? ಹಾಗೆಯೇ ನಿಮ್ಮೂರ ಶಾಲೆಯಲ್ಲಿ ಮೇಷ್ಟ್ರ ಹುದ್ದೆ ಖಾಲಿಯಿದ್ದರೆ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ ಕೇಳಿ, ಗ್ರಾಮಸಭೆಯಲ್ಲಿ ಬರೆಸಿ. ಸದ್ದಿಲ್ಲದ ಕತ್ತರಿಗೆ ಸದ್ದೇ ಮದ್ದು.

ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ರಾಜ್ಯದ ಬೊಕ್ಕಸದ ಬೀಗದ ಕೈ ಹಿಡಿದವರೇ ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಜನರ ಬದುಕಿಗೆ ತಂದರು. ದುಡಿದವನಿಗೆ ದುಡಿಮೆಯ ಫಲ ಸಿಗಬೇಕು, ಸಿಕ್ಕದ್ದು ಒಬ್ಬನಲ್ಲೇ ನಿಲ್ಲದೆ ಸಮಾಜಕ್ಕೆ ಹರಿಯಬೇಕು. ಇಂದಿನ ಭಂಡಾರಿಗಳು ಲೆಕ್ಕ ಬಿಗಿಯಾಗಿಡಲಿ, ಬೇಡವೆನ್ನುವವರು ಯಾರು? ದುಡಿಯಲು ಸಿದ್ಧರಾಗಿ ಕೂತ ಮಕ್ಕಳ ಕೈಗೆ ಕಾಯಕವನ್ನು ಹೊತ್ತಿಗೆ ಸರಿಯಾಗಿ ಕೊಡಲಿ ಎಂದಷ್ಟೇ ಬಸವಕಲ್ಯಾಣ, ಹುಮನಾಬಾದಿನ ಮನೆಗಳು ಕೇಳುತ್ತಿವೆ.